ಕಪ್ಪು ತುಂಬದ ಗೋಡೆ

ಜೋಗೇಶ್ವರಿ, ಮುಂಬಯಿ
೧೮ ನವೆಂಬರ್ ೧೯೫೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಆರೋಗ್ಯದ ವಿಷಯ. ಕೆಮ್ಮು ಬಿಟ್ಟಿತೋ? ಜಮ್ಶೆಡ್‌ಪುರದಲ್ಲಿ ಕುಲುಮೆಯ ಮುಂದೆ ಬೆವರಿ, ಅದೇ ಅಂಗಿಯಲ್ಲಿ ಚಳಿಗಾಳಿಗೆ ಹೊರಬೀಳುತ್ತೀಯಂತೆ. ಅಮ್ಮನಿಗೆ ಅದನ್ನು ಹೇಳಿಲ್ಲ, ಹೇಳಿದರೆ ಅವಳು ಇವತ್ತೇ ಕಷಾಯದ ಪುಡಿ ಕುಟ್ಟಲು ಕೂರುತ್ತಾಳೆ. ಮೆಸ್ಸಿನ ಸಾಸಿವೆ ಎಣ್ಣೆಯ ಅಡುಗೆ ಹೊಟ್ಟೆಗೆ ಒಗ್ಗಿತೋ? ಎರಡು ವರ್ಷದಿಂದ ನೀನು ಹಬ್ಬಕ್ಕೊಂದು ಕಾರ್ಡು ಹಾಕುತ್ತೀಯ, ಅದರಲ್ಲಿ ‘ಕ್ಷೇಮ’ ಎಂದಿರುತ್ತದೆಯೇ ಹೊರತು ವಿಳಾಸ ಇರುವುದಿಲ್ಲ. ಈಗ ನನಗೆ ವಿಳಾಸ ಹೇಗೆ ಸಿಕ್ಕಿತು ಎಂದು ಮುಂದೆ ಬರೆಯುತ್ತೇನೆ. ನನ್ನ ಕನ್ನಡ ನೋಡಿ ನಗಬೇಡ. ನನ್ನನ್ನು ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿ ಬಂದವನು ನೀನೇ. ಅಲ್ಲಿಂದ ಬಂದ ಮೇಲೆ ನನಗೆ ಪ್ರಾರ್ಥನೆ ಇಂಗ್ಲಿಷಿನಲ್ಲಿ ಬರುತ್ತದೆ, ಸಿಟ್ಟು ತುಳುವಿನಲ್ಲಿ ಬರುತ್ತದೆ, ಕನ್ನಡಕ್ಕೆ ಮಾತ್ರ ಪ್ರತಿ ಸಾಲಿಗೂ ನಿಂತು ಯೋಚಿಸಬೇಕು.

ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ತುಂಬಾ ಆಯಾಸವಾಗಿದೆ ಅಣ್ಣಾ. ಜೂನ್‌ನಿಂದ ಆರ್ಟ್ ಸ್ಕೂಲಿನಲ್ಲಿ ಇಂಟೀರಿಯರ್ ಡೆಕೊರೇಷನ್ ಕಲಿಯುತ್ತಿದ್ದೇನೆ. ‘ಹೋಟೆಲಿಗೆ ಬಣ್ಣ ಹೊಡೆಸುವಾಗಲಾದರೂ ಉಪಯೋಗಕ್ಕೆ ಬಂದೀತು’ ಎಂದು ಅಪ್ಪಯ್ಯ ಫೀಸು ಕಟ್ಟಿದರು. ಬೆಳಿಗ್ಗೆ ಲೋಕಲ್‌ನಲ್ಲಿ ಡ್ರಾಯಿಂಗ್ ಬೋರ್ಡು, ಗೆರೆ ಎಳೆಯುವ ಉದ್ದನೆಯ ಮರದ ಟೀ-ಸ್ಕ್ವೇರು, ಸುತ್ತಿದ ಕಾಗದ ಎಲ್ಲ ಹೊತ್ತು ಹತ್ತಬೇಕು. ಲೇಡೀಸ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಹೆಂಗಸರು ನನ್ನ ಟೀ-ಸ್ಕ್ವೇರು ನೋಡಿ, ‘ಈ ಹುಡುಗಿ ಗಂಡನನ್ನು ಹೊಡೆಯಲಿಕ್ಕೆ ಈಗಲೇ ಅಭ್ಯಾಸ ಮಾಡುತ್ತಿದ್ದಾಳೆ’ ಎಂದು ಮರಾಠಿಯಲ್ಲಿ ನಗುತ್ತಾರೆ. ಮೊದಮೊದಲು ಅಳು ಬರುತ್ತಿತ್ತು. ಈಗ ನಾನೂ ನಗುತ್ತೇನೆ, ಅವರು ಸರಿದು ಜಾಗ ಕೊಡುತ್ತಾರೆ, ನಾನು ದಾದರ್ ಬರುವಷ್ಟರಲ್ಲಿ ಕೂತಲ್ಲೇ ತೂಕಡಿಸುತ್ತೇನೆ. ಕ್ಲಾಸಿನಲ್ಲಿ ಉಳಿದವರೆಲ್ಲ ಬಂಗಲೆಗಳಿಂದ ಬಂದವರು, ಸೋಫಾ ಎಲ್ಲಿಡಬೇಕೆಂದು ಅವರಿಗೆ ಹುಟ್ಟಿನಿಂದಲೇ ಗೊತ್ತು. ನಾನು ಹಾಸ್ಟೆಲಿನ ಉದ್ದನೆಯ ಡಾರ್ಮಿಟರಿ ನೋಡಿದವಳು, ಈ ಚಾಳಿನ ಒಂದು ಖೋಲಿ ನೋಡಿದವಳು. ಎಲ್ಲಿ ತಪ್ಪುತ್ತೇನೋ ಎಂಬ ಭಯದಲ್ಲಿ ಒಂದೇ ಗೆರೆಯನ್ನು ಹತ್ತು ಸಲ ಅಳಿಸಿ ಕಾಗದ ತೂತಾಗಿಸುತ್ತೇನೆ.

ಆದರೆ ಕಾಗದ ಬರೆಯಲು ಕೂತದ್ದು ಇದಕ್ಕಲ್ಲ. ಅಪ್ಪಯ್ಯನಿಗೆ ಈ ವರ್ಷ ಉಬ್ಬಸ ಹೆಚ್ಚಾಗಿದೆ. ಮಾಟುಂಗದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತೇ ಇರುತ್ತಾರೆ, ಮಾತಾಡುವಾಗ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಹೋಟೆಲನ್ನು ಮುಲ್ಕಿಯ ಕಡೆಯವರೊಬ್ಬರಿಗೆ ವಹಿಸಿ ಊರಿಗೆ ಹೋಗಿಬಿಡುವ ಮಾತು ಶ್ರಾವಣದಿಂದಲೂ ನಡೆದಿದೆ. ಅಮ್ಮ ಒಂದೇ ಒಂದು ಸಲ ‘ಸದಾನಂದನಿಗೆ ಒಂದು ಮಾತು ತಿಳಿಸಿದರೆ’ ಎಂದಳು. ಅಪ್ಪಯ್ಯ ಎಲೆಯಿಂದ ಎದ್ದುಬಿಟ್ಟರು. ಆಮೇಲೆ ಈ ಮನೆಯಲ್ಲಿ ನಿನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹೋಟೆಲು ಒಮ್ಮೆ ಕೈಬಿಟ್ಟರೆ ನೀನು ಮನೆಗೆ ಬರಲು ಇರುವ ಬಾಗಿಲೂ ಮುಚ್ಚಿದಂತೆಯೇ ಎಂದು ನನಗೆ ಅನ್ನಿಸುತ್ತದೆ. ಊರಿನ ಮನೆಗೆ ನೀನು ಬರುವವನಲ್ಲ. ಅದಕ್ಕೇ ಇಲ್ಲಿ ನಡೆದದ್ದನ್ನೆಲ್ಲ ಬರೆಯುತ್ತೇನೆ, ಓದಿ ನೀನೇ ಯೋಚಿಸು.

ನಮಗೆ ಮೊದಲ ವರ್ಷ ಮೂರು ಪ್ರಾಜೆಕ್ಟು. ಒಂದು ಸಾರ್ವಜನಿಕ ಜಾಗ, ಒಂದು ವ್ಯಾಪಾರದ ಜಾಗ, ಒಂದು ತಾತ್ಕಾಲಿಕ ಜಾಗ. ಅಂದರೆ ನಾಲ್ಕು ದಿನ ಇದ್ದು ಬಿಚ್ಚಿ ಹೋಗುವಂಥದ್ದು, ಪ್ರದರ್ಶನದ ಮಳಿಗೆ, ಮದುವೆಯ ಚಪ್ಪರ, ಇಂಥವು. ಸಾರ್ವಜನಿಕ ಜಾಗಕ್ಕೆ ನಾನು ರೈಲ್ವೇ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮ್ ಮಾಡಿದೆ. ಕಿಟಕಿಗಳಿಗೆಲ್ಲ ಚಂದದ ಪರದೆ ಹಾಕಿದ್ದೆ. ನಮ್ಮ ದಸ್ತೂರ್ ಸರ್ ಅದನ್ನು ನೋಡಿ, ಒಳಗೆ ಕೂತವಳಿಗೆ ಗಾಡಿ ಬಂದದ್ದು ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ಮುಗಿಯಿತು. ವ್ಯಾಪಾರದ ಜಾಗಕ್ಕೆ ನಮ್ಮ ಹೋಟೆಲನ್ನೇ ಆರಿಸಿಕೊಂಡೆ. ಹತ್ತಿರವಿದೆ, ಅಳೆಯಲು ಯಾರ ಅಪ್ಪಣೆಯೂ ಬೇಡ, ಹೊಟ್ಟೆಗೂ ಏನಾದರೂ ಸಿಗುತ್ತದೆ ಎಂದು. ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಆಮೇಲೆ ಬದಲಾವಣೆ. ಅಂದಾಜಿನ ನಕ್ಷೆ ತೋರಿಸಿದಾಗ ದಸ್ತೂರ್ ಸರ್ ಪೆನ್ಸಿಲನ್ನು ಹಿಂದುಮುಂದು ಮಾಡಿ ಒಂದು ಕಡೆ ಕುಟ್ಟಿದರು. ಈ ಗೋಡೆ ಇಲ್ಲೇನು ಮಾಡುತ್ತಿದೆ?

ಯಾವ ಗೋಡೆಯೆಂದು ನಿನಗೆ ಹೇಳಬೇಕಾಗಿಲ್ಲ. ಹೊರಗಿನ ಹಾಲಿಗೂ ಅಡುಗೆಮನೆಯ ಪಕ್ಕದ ಒಳಗಿನ ಕೋಣೆಗೂ ನಡುವೆ ಇದ್ದದ್ದು. ಒಳಗಿನ ಕೋಣೆಯ ಬಾಗಿಲ ಮೇಲಿದ್ದ ‘ಬ್ರಾಹ್ಮಣರಿಗೆ’ ಎಂಬ ಬೋರ್ಡು ತೆಗೆದು ಎಷ್ಟೋ ವರ್ಷವಾಯಿತು, ಕಾನೂನೂ ಬಂತು. ಆದರೂ ಬಂದವರೆಲ್ಲ ಬೋರ್ಡು ಇನ್ನೂ ಇದೆ ಎಂಬಂತೆ ತಮ್ಮ ತಮ್ಮ ಕಡೆಗೆ ಹೋಗಿ ಕೂರುತ್ತಿದ್ದರು. ಇದನ್ನು ಇಂಗ್ಲಿಷಿನಲ್ಲಿ ಪಾರ್ಸಿ ಮಾಸ್ತರರಿಗೆ ಹೇಗೆ ಹೇಳಲಿ? ನಾಲಿಗೆ ತೊದಲಿ, ಅದು ಪದ್ಧತಿ ಎಂದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಅದು ಮೇಲಿನ ಮಾಳಿಗೆಯನ್ನು ಹೊತ್ತಿದೆಯೋ ಇಲ್ಲವೋ, ಅಷ್ಟನ್ನು ಅಳೆದು ಬಾ ಎಂದರು.

ಹೊತ್ತಿದೆ ಎಂದೇ ನಾವೆಲ್ಲ ತಿಳಿದಿದ್ದೆವಲ್ಲ. ಆ ಗೋಡೆ ತೆಗೆಸೋಣ ಎಂದು ನೀನು ಎಷ್ಟು ಸಲ ಹೇಳಿದ್ದೆ, ಪ್ರತಿ ಸಲವೂ ಅಪ್ಪಯ್ಯ ‘ತೆಗೆದರೆ ಮಾಳಿಗೆ ಕೂರುತ್ತದೆ, ಗಂಗುಬಾಯಿ ಒಲೆ ಸಮೇತ ಕೆಳಗೆ ಬರುತ್ತಾಳೆ’ ಎನ್ನುತ್ತಿದ್ದರು. ಮೇಲಿನ ಖೋಲಿಯ ಗಂಗುಬಾಯಿಯೂ ಅದನ್ನು ನಂಬಿ, ಆ ಜಾಗದಲ್ಲಿ ಮೆಣಸಿನಕಾಯಿ ಕುಟ್ಟುವುದನ್ನೇ ಬಿಟ್ಟಿದ್ದರು. ಗೋಡೆ ಹೋಗದಿದ್ದರೆ ಬೇಡ, ಮನುಷ್ಯರಾದರೂ ಒಳಗೆ ಹೋಗಲಿ ಎಂದು ನೀನು ರಾತ್ರಿ ಶಾಲೆಯ ಸ್ನೇಹಿತ ಗದಿಗೆಪ್ಪನವರನ್ನು ಕೈಹಿಡಿದು ಕರೆತಂದು ಒಳಗೆ ಕೂರಿಸಿದ ದಿನ ನಾನು ರಜೆಗೆ ಬಂದಿದ್ದೆ, ಅಡುಗೆಮನೆಯ ಹೊಸ್ತಿಲ ಮೇಲಿದ್ದೆ. ಒಳಗೆ ನೊಣ ಕೂಡ ಇರಲಿಲ್ಲ. ಬೆಂಚುಗಳೆಲ್ಲ ಖಾಲಿ. ಅಪ್ಪಯ್ಯ ಗಲ್ಲಾ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತು, ಬಹಳ ಮೆತ್ತಗೆ, ‘ಒಳಗೆ ಜಾಗ ಇಲ್ಲ’ ಎಂದರು. ಗದಿಗೆಪ್ಪನವರು ಖಾಲಿ ಬೆಂಚುಗಳನ್ನೊಮ್ಮೆ ನೋಡಿದರು, ಎದ್ದು ಹೊರಗೆ ಹೋಗಿ ಕೂತು ಕಾಫಿ ಕುಡಿದರು, ಹೋಗುವಾಗ ಅಪ್ಪಯ್ಯನಿಗೆ ನಮಸ್ಕಾರವನ್ನೂ ಮಾಡಿದರು. ಆ ನಮಸ್ಕಾರವನ್ನು ನೀನು ತಡೆದುಕೊಳ್ಳಲಿಲ್ಲ. ಆ ವಾರವೇ ನಿನ್ನ ಪೆಟ್ಟಿಗೆ ಹೊರಗೆ ಬಂತು.

ಸರಿ, ನಾನು ಅಳೆಯಲು ಹೋದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತು. ಬಾಗಿಲ ಬಳಿ ಟೇಪು ಹಿಡಿದೆ. ಗೋಡೆಯ ದಪ್ಪ ನನ್ನ ಒಂದು ಗೇಣು ಕೂಡ ಇರಲಿಲ್ಲ. ಉಳಿದ ಗೋಡೆಗಳಿಗೆ ನನ್ನ ಒಂದು ಮೊಳ ಸಾಲದು. ಬೆರಳಿನಿಂದ ಕುಟ್ಟಿದೆ, ಖಾಲಿ ಡಬ್ಬ ಬಡಿದಂತೆ ಸದ್ದು. ಎರಡು ಕಡೆ ಹಲಗೆ ಹೊಡೆದು ಮೇಲೆ ಗಾರೆ ಮೆತ್ತಿ ಸುಣ್ಣ ಬಳಿದಿದ್ದಾರೆ, ಅಷ್ಟೇ. ಅದರ ಮೇಲೆ ಮಾಳಿಗೆಯ ತೊಲೆ ಕೂತೇ ಇಲ್ಲ, ನಡುವೆ ಕಾರ್ಡು ತೂರಿಸುವಷ್ಟು ಸಂದು. ಅಪ್ಪಯ್ಯ ಗಲ್ಲಾದಿಂದ ನನ್ನನ್ನೇ ನೋಡುತ್ತಿದ್ದರು. ನಾನು ಗೋಡೆಯ ಮಾತು ಎತ್ತದೆ ಟೇಪು ಸುತ್ತಿಕೊಂಡೆ.

ಆದರೆ ನಕ್ಷೆ ಸುಮ್ಮನಿರುವುದಿಲ್ಲ. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಭಾರ ಹೊರುವ ಗೋಡೆಯನ್ನು ಇಂಡಿಯನ್ ಇಂಕಿನಿಂದ ಗಟ್ಟಿ ಕಪ್ಪಾಗಿ ತುಂಬಬೇಕು. ಅಡ್ಡಕ್ಕೆ ನಿಲ್ಲಿಸಿದ ತಟ್ಟಿಯಂಥದ್ದನ್ನು ಎರಡು ತೆಳು ಗೆರೆಯಲ್ಲಿ ತೋರಿಸಿ ನಡುವೆ ಬಿಳಿ ಬಿಡಬೇಕು. ನಾನು ಹೋಟೆಲಿನ ಹಿಂದಿನ ಮೇಜಿನ ಮೇಲೆ ಹಾಗೆಯೇ ತುಂಬಿ, ಇಂಕು ಒಣಗಲೆಂದು ಬಿಟ್ಟು ಕೈ ತೊಳೆಯಲು ಹೋಗಿದ್ದೆ. ತಿರುಗಿ ಬಂದಾಗ ಅಪ್ಪಯ್ಯ ಬೋರ್ಡಿನ ಮೇಲೆ ಬಗ್ಗಿದ್ದರು. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು, ನಕ್ಷೆ ಎಂಬುದನ್ನು ಅವರು ಕಂಡದ್ದೇ ಮೊದಲು. ಬಾಗಿಲು, ಒಲೆ, ಗಲ್ಲಾ ಎಲ್ಲವನ್ನೂ ಒಂದೊಂದಾಗಿ ಗುರುತಿಸಿದರು. ಆಮೇಲೆ ಬೆರಳು ಆ ಎರಡು ತೆಳು ಗೆರೆಗಳ ಮೇಲೆ ಬಂದು ನಿಂತಿತು.

‘ಇದಕ್ಕೆ ಮಾತ್ರ ಕಪ್ಪು ಯಾಕೆ ತುಂಬಲಿಲ್ಲ?’ ಎಂದರು.

‘ಅದು ಭಾರ ಹೊರುವ ಗೋಡೆ ಅಲ್ಲ ಅಪ್ಪಯ್ಯ’ ಎಂದೆ. ಸುಳ್ಳು ಹೇಳಬಹುದಿತ್ತು, ಬರಲಿಲ್ಲ. ಅವರು ಬೆರಳು ತೆಗೆದರು, ತುದಿಗೆ ಇಂಕು ಹತ್ತಿತ್ತು, ಅದನ್ನು ಪಂಚೆಗೆ ಒರೆಸಿಕೊಂಡು ಹೋಗಿ ಗಲ್ಲಾದಲ್ಲಿ ಕೂತರು. ಸಂಜೆಯ ತನಕ ನನ್ನ ಕಡೆ ನೋಡಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಆ ಮಾಳಿಗೆಯನ್ನು ಮಾತಿನಲ್ಲೇ ಎತ್ತಿ ಹಿಡಿದು ಅವರಿಗೂ ಸುಸ್ತಾಗಿತ್ತೇನೋ.

ಅಕ್ಟೋಬರ್ ಕೊನೆಗೆ ಕನ್ನಡ ಸಂಘದವರು ಬಂದರು. ನವೆಂಬರ್ ಒಂದಕ್ಕೆ ನಮ್ಮ ಸೀಮೆಗಳೆಲ್ಲ ಒಂದು ರಾಜ್ಯವಾಗುತ್ತವೆ, ಆ ದಿನ ಧಾರವಾಡ, ವಿಜಾಪುರ, ದಕ್ಷಿಣ ಕನ್ನಡ ಎಲ್ಲ ಕಡೆಯವರಿಗೂ ನಮ್ಮ ಹೋಟೆಲಿನಲ್ಲಿ ಊಟ ಆಗಬೇಕು ಎಂದು. ಅಪ್ಪಯ್ಯ ಒಪ್ಪಿದರು, ಒಳಗೆ ಇಷ್ಟು ಎಲೆ, ಹೊರಗೆ ಇಷ್ಟು ಎಲೆ ಎಂದು ಲೆಕ್ಕ ಹಾಕತೊಡಗಿದರು. ಆಗ ಸಂಘದ ಕಾರ್ಯದರ್ಶಿ ಕಾಂತಪ್ಪನವರು, ಧಾರವಾಡದವರು, ನಗುತ್ತಲೇ, ‘ರಾಯರ, ರಾಜ್ಯ ಒಂದ ಆಗೂ ದಿನ ಊಟಕ್ಕ ಎರಡು ಖೋಲಿ ಯಾಕ್ರೀ?’ ಎಂದರು. ಅಪ್ಪಯ್ಯನ ಬಾಯಲ್ಲಿ ಮಾಳಿಗೆಯ ಮಾತು ಬಂದೇಬಿಟ್ಟಿತ್ತು. ‘ಅದನ್ನು ತೆಗೆದರೆ’ ಎಂದವರು ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಉಸಿರು ಎಳೆದುಕೊಂಡರು. ಆಮೇಲೆ ನನ್ನ ಕಡೆ ಕೈತೋರಿಸಿ, ‘ನಾಲ್ಕು ದಿನದ ಕೋಣೆ ಕಟ್ಟುವುದನ್ನು ಇವಳಿಗೆ ಕಲಿಸುತ್ತಾರಂತೆ. ಒಂದು ದಿನದ ಮಟ್ಟಿಗೆ ಹೇಗೆ ಮಾಡುವುದೋ ಮಾಡಲಿ. ಮರುದಿನ ಇದ್ದ ಹಾಗೆ ಆಗಬೇಕು’ ಎಂದರು. ಹೀಗೆ ನನ್ನ ತಾತ್ಕಾಲಿಕ ಜಾಗದ ಪ್ರಾಜೆಕ್ಟು ನಾನು ಕೇಳದೆಯೇ ಸಿಕ್ಕಿತು.

ಹಿಂದಿನ ದಿನ ಬಡಗಿ ಬಂದು ಹಲಗೆ ಬಿಚ್ಚಿದ. ಗಂಗುಬಾಯಿ ಟ್ರಂಕನ್ನೂ ಬೆಕ್ಕನ್ನೂ ಹಿಡಿದುಕೊಂಡು ಮೆಟ್ಟಿಲ ಮೇಲೆ ಬಂದು ಕೂತರು, ಕೊನೆಯ ಹಲಗೆ ಬಿದ್ದು ಮಾಳಿಗೆ ಅಲ್ಲೇ ಇದೆಯೆಂದು ಖಾತ್ರಿಯಾದ ಮೇಲೆ ಅಪ್ಪಯ್ಯನಿಗೆ ಎರಡು ಮಾತು ಬೈದು ಮೇಲೆ ಹೋದರು. ನಾನು ಪಂಕ್ತಿಯ ನಕ್ಷೆ ಮಾಡಿದೆ. ಬಡಿಸುವವರು ಕಡಿಮೆ ನಡೆಯಬೇಕು ಎಂಬುದು ಕ್ಲಾಸಿನ ಪಾಠ, ಹಾಗಾಗಿ ಅಡುಗೆಮನೆಯ ಬಾಗಿಲ ಬಳಿಯೇ ಮೊದಲ ಎಲೆ, ಅಲ್ಲಿಂದ ರಸ್ತೆಯ ಬಾಗಿಲವರೆಗೆ ಉದ್ದಕ್ಕೆ ಒಂದೇ ಸಾಲು. ಪಂಕ್ತಿಯ ಮೊದಲ ಎಲೆ ಹಿರಿಯರದ್ದು, ಬಡಿಸುವುದು ಅವರಿಂದಲೇ ಶುರು ಎಂಬುದು ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಕ್ಯೂ ನಿಂತು ತಟ್ಟೆಗೆ ಹಾಕಿಸಿಕೊಂಡವಳಿಗೆ ಮೊದಲ ಎಲೆ ಎಂದರೇನು ಗೊತ್ತು? ಹಿರಿಯರೆಲ್ಲ ತಮ್ಮ ಅಭ್ಯಾಸದಂತೆ ಹಾರ ಹಾಕಿದ ಪಟವಿದ್ದ ಕಡೆ, ರಸ್ತೆಯ ಬಾಗಿಲ ಬಳಿ, ಕೂತರು. ಅಡುಗೆಮನೆಯ ತುದಿಗೆ ಬೆಳಗಿನಿಂದ ತೋರಣ ಕಟ್ಟಿ ಸುಸ್ತಾದ ಸಂಘದ ಕೆಲಸಗಾರರು ಕೂತರು. ಅವರಲ್ಲಿ ತೀರಾ ಕೊನೆಗೆ ಬಂದು, ಉಳಿದಿದ್ದ ತುದಿಯ ಎಲೆಗೆ ಕೂತವರು ಗದಿಗೆಪ್ಪನವರು. ಅಡುಗೆಮನೆಯ ಬಾಗಿಲೆದುರಿನ ಆ ಎಲೆ ಇದ್ದದ್ದು ಮೊದಲು ಒಳಗಿನ ಕೋಣೆಯಾಗಿದ್ದ ಜಾಗದಲ್ಲಿ.

ಅನ್ನ, ತೊವ್ವೆ, ಪಲ್ಯ ಎಲ್ಲ ಮಾಣಿಗಳು ಬಡಿಸಿದರು. ತುಪ್ಪ ಮಾತ್ರ ಯಜಮಾನರ ಕೈಯಿಂದಲೇ ಬೀಳಬೇಕು, ಅದು ಬಿದ್ದ ಮೇಲೆಯೇ ಎಲ್ಲರೂ ಕೈ ಹಚ್ಚುವುದು. ಅಪ್ಪಯ್ಯ ತುಪ್ಪದ ಮಿಳ್ಳೆ ಹಿಡಿದು ಅಡುಗೆಮನೆಯಿಂದ ಹೊರಬಂದರು. ಎದುರಿಗೆ ಮೊದಲ ಎಲೆ, ಎಲೆಯ ಹಿಂದೆ ಗದಿಗೆಪ್ಪನವರು. ಹಿರಿಯರು ಆ ತುದಿಯಲ್ಲಿ ಕಾಯುತ್ತಿದ್ದಾರೆ. ನೇರ ಅಲ್ಲಿಗೆ ನಡೆದು ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಪಂಕ್ತಿಯಲ್ಲಿ ಕೂತ ಒಬ್ಬರನ್ನು ದಾಟಿ ಇನ್ನೊಬ್ಬರಿಗೆ ಬಡಿಸಿದರೆ ಬಡಿಸಿದವನ ಕೈಗೇ ದೋಷ ಎಂದು ಮಾಣಿಗಳಿಗೆ ದಿನಾ ಹೇಳುವವರು ಅಪ್ಪಯ್ಯನೇ ಅಲ್ಲವೇ? ಅವರು ನಿಂತರು. ಎಷ್ಟು ಹೊತ್ತು ನಿಂತರೋ, ನಾನು ನೆಲ ನೋಡುತ್ತಿದ್ದೆ. ಗದಿಗೆಪ್ಪನವರು ಏಳಲು ಕೈ ಊರಿದ್ದರು, ಹಿಂದೆ ಒಮ್ಮೆ ಎದ್ದವರಲ್ಲವೇ. ಅಪ್ಪಯ್ಯ ‘ಕೂತ್ಕೊಳ್ಳಿ’ ಎಂದರು. ಉಬ್ಬಸದ ಮನುಷ್ಯ, ಬಗ್ಗುವುದೇ ಕಷ್ಟ, ಬಗ್ಗಿ ಅನ್ನದ ಮೇಲೆ ತುಪ್ಪ ಬಿಟ್ಟರು. ಬಗ್ಗಿದವರು ಏಳದೆ, ಗದಿಗೆಪ್ಪನವರಿಗೆ ಮಾತ್ರ ಕೇಳುವಂತೆ, ‘ಸದಾನಂದನ ಕಾಗದ ಉಂಟೋ ನಿಮಗೆ?’ ಎಂದರು. ಹತ್ತಿರ ಇದ್ದುದರಿಂದ ನನಗೂ ಕೇಳಿತು.

‘ಬರ್ತಾವ್ರೀ ರಾಯರ. ಆರಾಮ ಅದಾನ. ಕೆಮ್ಮೊಂದ ಹೋಗವಲ್ದಂತ’ ಎಂದರು ಗದಿಗೆಪ್ಪನವರು.

ಅಪ್ಪಯ್ಯ ಮುಂದಿನ ಎಲೆಗೆ ಹೋದರು. ಊಟದ ನಂತರ ನಾನು ಗದಿಗೆಪ್ಪನವರನ್ನು ಹುಡುಕಿ ನಿನ್ನ ವಿಳಾಸ ಬರೆಸಿಕೊಂಡೆ.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ವಕೀಲ ಉಪಾಧ್ಯರು ತುಪ್ಪ ಎಲ್ಲಿಂದ ಶುರುವಾಯಿತೆಂದು ನೋಡಿ, ಏನೋ ಕೆಲಸ ಜ್ಞಾಪಕವಾಯಿತೆಂದು ಎಲೆಯಿಂದ ಎದ್ದು ಹೋದರು. ಅಂದಿನಿಂದ ಅವರೂ ಅವರ ಜೊತೆಯ ಇನ್ನು ಕೆಲವರೂ ಬೆಳಗಿನ ಕಾಫಿಗೆ ಬರುತ್ತಿಲ್ಲ. ಅಪ್ಪಯ್ಯ ಅವರು ಕೂರುತ್ತಿದ್ದ ಜಾಗದ ಕಡೆ ಆಗಾಗ ನೋಡುತ್ತಾರೆ. ಮಾಡಿದ್ದು ಸರಿಯೆಂದೂ ಹೇಳಿಲ್ಲ, ತಪ್ಪೆಂದೂ ಹೇಳಿಲ್ಲ. ಮರುದಿನ ಬಡಗಿ ಹಲಗೆ ಹೊಡೆಯಲು ಬಂದ, ‘ದೀಪಾವಳಿ ಮುಗಿಯಲಿ’ ಎಂದು ಕಳಿಸಿದರು. ದೀಪಾವಳಿ ಮುಗಿಯಿತು, ಅವನು ಮತ್ತೆ ಬಂದ, ‘ಈಗ ಗಿರಾಕಿ ಹೊತ್ತು’ ಎಂದರು. ಹಲಗೆಗಳು ಹಿತ್ತಲಲ್ಲಿ ಒರಗಿಕೊಂಡಿವೆ. ಹೋಟೆಲಿನದು, ಪಂಕ್ತಿಯದು, ನನ್ನ ಈ ಎರಡು ಪ್ರಾಜೆಕ್ಟೂ ಪಾಸಾದವು, ಬರೀ ಪಾಸು. ಪಂಕ್ತಿಯ ನಕ್ಷೆ ಚೆನ್ನಾಗಿದೆ, ಹೋಟೆಲಿಗೆ ಆರಿಸಿದ ಬಣ್ಣ ಮಾತ್ರ ಆಸ್ಪತ್ರೆಯದ್ದು ಎಂದರು ದಸ್ತೂರ್ ಸರ್. ನನಗೆ ಖುಷಿಪಡಲೂ ಶಕ್ತಿ ಇರಲಿಲ್ಲ, ಮನೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡೆ. ಅಮ್ಮ ತಲೆಗೆ ಎಣ್ಣೆ ಹಚ್ಚಿದಳು.

ಅಮ್ಮನ ಆಶೀರ್ವಾದ. ಈ ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತು, ಪಕ್ಕದಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದಾಳೆ, ಏನು ಬರೆದೆ ಎಂದು ಮಾತ್ರ ಕೇಳುತ್ತಿಲ್ಲ. ಬೆಚ್ಚಗಿನ ಅಂಗಿ ಹಾಕಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ತಪ್ಪುಗಳನ್ನು ತಿದ್ದಿಕೊಂಡು ಓದು.

ನಿನ್ನ ತಂಗಿ,
ವಸಂತಿ

ಮರೆತಿದ್ದೆ. ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊನ್ನೆ ಅಪ್ಪಯ್ಯ ಗಲ್ಲಾಕ್ಕೆ ಹೊಸ ಮೇಜು ಕುರ್ಚಿ ಮಾಡಿಸಬೇಕು, ನಕ್ಷೆ ಹಾಕು ಎಂದರು. ನಾನು ಪುಸ್ತಕ ನೋಡಿ, ಸಾಧಾರಣ ಗಂಡಸಿನ ಅಳತೆಗೆ ಹಾಕಿ ತೋರಿಸಿದೆ. ಯಾರ ಅಳತೆ ಇದು ಎಂದು ಕೇಳಿದರು. ಪುಸ್ತಕದ್ದು ಎಂದೆ. ‘ಪುಸ್ತಕದವನು ಬಂದು ಕೂರುತ್ತಾನೋ ಇಲ್ಲಿ? ಸದಾನಂದನ ಅಳತೆ ತರಿಸು’ ಎಂದರು. ಬಾ ಎಂದು ಅವರು ಹೇಳಿಲ್ಲ, ಹೇಳುವವರೂ ಅಲ್ಲ. ನನಗೆ ಬೇಕಾದದ್ದು ಕೂತಾಗ ಮೊಣಕಾಲಿನಿಂದ ನೆಲಕ್ಕೆ ಎಷ್ಟು, ಮೊಣಕೈಯಿಂದ ನೆಲಕ್ಕೆ ಎಷ್ಟು, ಎರಡೇ. ಇವನ್ನು ಒಬ್ಬನೇ ಅಳೆದುಕೊಂಡರೆ ಸರಿಬರುವುದಿಲ್ಲ, ಇನ್ನೊಬ್ಬರು ಟೇಪು ಹಿಡಿಯಬೇಕು, ನನ್ನ ಟೇಪು ಇಲ್ಲೇ ಇದೆ. ಅಲ್ಲಿಯವರೆಗೆ ತಡೆ ಎಂದು ಬಡಗಿಗೆ ಹೇಳಿದ್ದೇನೆ.

— ವ.